ಉಪ್ಪಿನ ಚಿಕ್ಕೀರನ ಸೈಕಲ್ ಬೆಲ್ಲು

ಹೊಳಲಗಿರಿ ಎಂಬ ರಾಜ್ಯದಲ್ಲಿ ಒಂದು ಸೋಮವಾರ ಬೆಳಿಗ್ಗೆ ಮಹಾರಾಜರ ಸೈಕಲ್ಲಿನ ಬೆಲ್ಲು ಕಾಣೆಯಾಯಿತು.

ಸುದ್ದಿ ಹೊರಬಿದ್ದ ಕೂಡಲೇ ಕೋಟೆಯ ಬಾಗಿಲು ಮುಚ್ಚಿದರು. ಸಂತೆ ನಿಲ್ಲಿಸಿದರು. ನಗಾರಿಗೆ ಕಪ್ಪು ಬಟ್ಟೆ ಹೊದಿಸಿದರು. ಮಂತ್ರಿ ತಡಮಾಡದೆ ಮೂರು ಸಮಿತಿ ರಚಿಸಿದ. ಬೆಲ್ಲು ಎಲ್ಲಿ ಹೋಯಿತೆಂದು ನೋಡಲು ಒಂದು. ಬೆಲ್ಲು ಮೊದಲು ಇತ್ತೇ ಎಂದು ನೋಡಲು ಇನ್ನೊಂದು. ಈ ಎರಡು ಸಮಿತಿಗಳು ಎಲ್ಲಿ ಹೋದವೆಂದು ನೋಡಲು ಮತ್ತೊಂದು. ಆ ವರ್ಷ ರಾಜ್ಯದಲ್ಲಿ ಹೊಳೆಯ ಸೇತುವೆಯೂ ಬಿದ್ದಿತ್ತು. ಆದರೆ ಅದು ಎಲ್ಲಿ ಬಿದ್ದಿದೆ ಎಂದು ಎಲ್ಲರಿಗೂ ಕಾಣುತ್ತಿದ್ದುದರಿಂದ ಅದಕ್ಕೆ ಸಮಿತಿ ಬೇಕಾಗಲಿಲ್ಲ.

ಮಹಾರಾಜರು ಸೈಕಲ್ ಹೊಡೆಯುತ್ತಿದ್ದರೇ ಎಂದು ನೀವು ಕೇಳಬಹುದು. ಇಲ್ಲ. ಅವರಿಗೆ ಬೀಳುವ ಭಯ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಸೈಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ದೂರದಿಂದ ಕೈಮುಗಿಯುತ್ತಿದ್ದರು. ಹಾಕಿದ ಹಾರ ತೆಗೆಯುವುದು ಅಪಶಕುನವಾದ್ದರಿಂದ ವರ್ಷ ವರ್ಷವೂ ಹಾರದ ಮೇಲೆ ಹಾರ ಬಿದ್ದು, ಹ್ಯಾಂಡಲ್ಲು ಯಾವುದು, ಒಣಹೂವು ಯಾವುದು ಎಂದು ಗುರುತು ಸಿಗದ ಹಾಗಾಗಿತ್ತು.

ಪಕ್ಕದ ರಾಜ್ಯದ ದೊರೆ ಸಂತಾಪ ಹೇಳಿ ಕಳಿಸಿದ. ಹಾಗೆಯೇ ಒಂದು ಮಾತೂ ಸೇರಿಸಿದ: “ಅಂದ ಹಾಗೆ, ನಿಮ್ಮ ಕಡೆ ಸೈಕಲ್ ಹೊಡೆಯಲು ಬರುವವರು ಯಾರಾದರೂ ಇದ್ದಾರೆಯೇ?”

ಮಹಾರಾಜರಿಗೆ ಅನ್ನ ಸೇರಲಿಲ್ಲ. ಮಂತ್ರಿ ಉಪಾಯ ಹೇಳಿದ. ರಾಜಧಾನಿಯಿಂದ ಪಡುವಣ ಸಮುದ್ರದವರೆಗೆ ಇಬ್ಬರು ಪ್ರಜೆಗಳು ಸೈಕಲ್ಲಿನಲ್ಲಿ ಹೋಗಿಬರಬೇಕು. ಅರ್ಧದಾರಿಯಲ್ಲಿ ಹಿಂತಿರುಗಿದವನ ಸೈಕಲ್ಲಿನ ಬೆಲ್ಲು ಬಿಚ್ಚಿ ಮಹಾರಾಜರ ಸೈಕಲ್ಲಿಗೆ ಹಾಕಬೇಕು. ಮಂತ್ರಿಯ ಎಣಿಕೆ ಸರಳವಾಗಿತ್ತು. ಇಬ್ಬರಲ್ಲಿ ಒಬ್ಬನಾದರೂ ಹಿಂತಿರುಗದೆ ಇರುವುದಿಲ್ಲ. ಹೋದವನಿಂದ ಕೀರ್ತಿ, ಬಂದವನಿಂದ ಬೆಲ್ಲು.

ಡಂಗುರ ಸಾರಿದವನ ಬಾಯಿ ಮುಚ್ಚುವ ಮೊದಲೇ ಗುಂಪಿನಿಂದ ಒಂದು ಕೈ ಮೇಲೆದ್ದಿತು. “ನಾವಿಬ್ಬರೂ ಸಿದ್ಧ!”

ಕೈ ಎತ್ತಿದವನು ಮಾರ್ತಾಂಡ. ಆ ಊರಿನಲ್ಲಿ ಮದುವೆಯಾಗಲಿ, ಮುಂಜಿಯಾಗಲಿ, ಎಮ್ಮೆ ಕರು ಹಾಕಲಿ, ಎದ್ದುನಿಂತು ನಾಲ್ಕು ಮಾತಾಡುವವನು ಅವನೇ. ‘ಇಬ್ಬರು’ ಅಂದದ್ದರಲ್ಲಿ ಎರಡನೆಯವನು ಅವನ ಬಾಲ್ಯದ ಗೆಳೆಯ ಚಿಕ್ಕೀರ. ಚಿಕ್ಕೀರನಿಗೆ ಈ ಸಂಗತಿ ಆಗ ಗೊತ್ತಿರಲಿಲ್ಲ. ಅವನು ಆಚೆ ಬೀದಿಯಲ್ಲಿ ಉಪ್ಪು ಮಾರುತ್ತಿದ್ದ. ಇಬ್ಬರ ಗೆಳೆತನ ಮೊದಲಿನಿಂದಲೂ ಹೀಗೆಯೇ ನಡೆದುಕೊಂಡು ಬಂದಿತ್ತು. ಮಾರ್ತಾಂಡ ಮಾತು ಕೊಡುತ್ತಿದ್ದ, ಚಿಕ್ಕೀರ ಉಳಿಸಿಕೊಡುತ್ತಿದ್ದ.

ಚಿಕ್ಕೀರನ ಬೆಲ್ಲಿನ ವಿಷಯ ಇಲ್ಲಿ ಹೇಳಿಬಿಡಬೇಕು. ಹೊಳಲಗಿರಿಯಲ್ಲಿ ಬೆಳಿಗ್ಗೆ ಬೀದಿಯಲ್ಲಿ ‘ಉಪ್ಪು’ ಎಂದು ಕೂಗುವಂತಿರಲಿಲ್ಲ. ಕೂಗಿದರೆ ಮನೆಮನೆಯ ಲಕ್ಷ್ಮಿ ಮುನಿಸಿಕೊಂಡು ಹೊರಡುತ್ತಾಳೆ ಎಂಬ ನಂಬಿಕೆ. ಹಾಗಾಗಿ ಉಪ್ಪಿನವನು ಬಾಯಿ ಬಿಡದೆ ಬೆಲ್ಲು ಬಾರಿಸಬೇಕು. ಚಿಕ್ಕೀರನದು ಅವನಪ್ಪನ ಕಾಲದ ಬೆಲ್ಲು. ಟ್ರಿಣ್, ಟ್ರಿಣ್, ಟ್ರಿಣ್ ಎಂದು ಮೂರು ಸಲ ಬಾರಿಸಿದರೆ ಸಾಕು, ಹೆಂಗಸರು ಒಲೆಯ ಮುಂದಿನಿಂದ ಎದ್ದು ಮಡಕೆ ಹಿಡಿದು ಬರುತ್ತಿದ್ದರು. ಆ ದನಿ ಹೋದರೆ ಅವನು ಉಪ್ಪಿನವನಲ್ಲ, ಮೂಟೆ ಹೇರಿಕೊಂಡು ಬೀದಿಯಲ್ಲಿ ಸುಮ್ಮನೆ ತಿರುಗುವ ಒಬ್ಬ ಮನುಷ್ಯ.

“ಲೇ ಮಾರ್ತಾಂಡ, ನನ್ನ ಕೇಳ್ದೆ ನನ್ನ ಹೆಸರು ಕೊಟ್ಯಲ್ಲೋ!”

“ಗೆಳೆಯನ ಹೆಸರು ಕೊಡೋಕೆ ಕೇಳ್ಬೇಕೇನೋ? ಶತ್ರು ಆಗಿದ್ರೆ ಕೇಳ್ತಿದ್ದೆ.”

“ಬೆಲ್ಲು ಹೋದ್ರೆ ನನ್ನ ಹೊಟ್ಟೆಗೆ ತಣ್ಣೀರು ಬಟ್ಟೆ ಕಣೋ.”

“ಅದ್ಯಾಕೆ ಹೋಗುತ್ತೆ? ನಾನಿದ್ದೀನಲ್ಲ.”

ಇದ್ದ. ಅದೇ ತೊಂದರೆಯಾಗಿತ್ತು.

ಆದರೂ ಚಿಕ್ಕೀರನ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಬಹಳ ಕಾಲದಿಂದ ಕೂತಿತ್ತು. ದಿನಾ ಉಪ್ಪು ಮಾರುವವನು ಅವನು, ಉಪ್ಪು ಬರುವ ಸಮುದ್ರವನ್ನು ಕಂಡವನಲ್ಲ. ಮನೆಗೆ ಹೋಗಿ ಹೆಂಡತಿ ಹೊನ್ನಿಗೆ ಹೇಳಿದ. ಅವಳು ರೊಟ್ಟಿ ಕಟ್ಟಿಕೊಟ್ಟು, ಸೈಕಲ್ಲಿನ ಚೈನಿಗೆ ಎಣ್ಣೆ ಬಿಟ್ಟು, ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. “ಬರುವಾಗ ಬಾಗಿಲು ತಟ್ಟಬೇಡಿ. ಬೆಲ್ಲು ಹೊಡೀರಿ. ಬೆಲ್ಲು ಕೇಳಿದ್ರೆ ತೆಗೀತೀನಿ.”

ಇನ್ನು ಆ ರಾಜ್ಯದ ಸನ್ಮಾನದ ಪದ್ಧತಿ. ಬೇರೆ ದೇಶಗಳಲ್ಲಿ ದೂರ ಹೋಗಿ ಬಂದವರಿಗೆ ಸನ್ಮಾನ ಮಾಡುತ್ತಾರೆ. ಹೊಳಲಗಿರಿಯಲ್ಲಿ ಹೊರಟವರಿಗೆ ಮಾಡುತ್ತಿದ್ದರು. ಇದಕ್ಕೆ ಕಾರಣವಿತ್ತು. ಹಿಂದೆ ಯಾರೋ ಒಬ್ಬ ಕಾಶಿಗೆ ಹೋಗಿಬಂದವನಿಗೆ ಹಾರ ಹಾಕಿ ನಾಲ್ಕು ಮಾತಾಡಿ ಎಂದಿದ್ದರಂತೆ. ಅವನು ದಾರಿಯಲ್ಲಿ ಕಂಡ ಮೈಲಿಗಲ್ಲುಗಳನ್ನೆಲ್ಲ ಒಂದೊಂದಾಗಿ ವರ್ಣಿಸಿದನಂತೆ. ಕೇಳಲು ಕೂತವರಲ್ಲಿ ಕೆಲವರಿಗೆ ಅಲ್ಲೇ ತಲೆ ನರೆಯಿತು. ಅಂದಿನಿಂದ ಹಿರಿಯರು ತೀರ್ಮಾನ ಮಾಡಿದರು: ಸನ್ಮಾನವನ್ನು ಮೊದಲೇ ಮಾಡಿ ಮುಗಿಸಬೇಕು. ಆಗ ಹೇಳಲು ಅವನ ಬಳಿ ಏನೂ ಇರುವುದಿಲ್ಲ.

ಹಿರಿಯರು ಮಾರ್ತಾಂಡನಂಥವನನ್ನು ಕಂಡಿರಲಿಲ್ಲ.

ಗೆಳೆಯರಿಬ್ಬರು ಹೊರಟರು. ಮೊದಲು ಸಿಕ್ಕಿದ್ದು ಮುತ್ತುಗದಹಳ್ಳಿ. ಊರಬಾಗಿಲಲ್ಲಿ ಬಾಳೆಕಂಬ, ಓಲಗ, ಒಂದು ಜರತಾರಿ ಶಾಲು, ಒಂದು ಬುಟ್ಟಿ ಹಣ್ಣು. ಶಾಲು ಒಂದೇ, ಬಂದವರು ಇಬ್ಬರು. ಯಾರಿಗೆ ಹೊದಿಸುವುದೆಂದು ಊರಗೌಡ ಯೋಚಿಸುವಷ್ಟರಲ್ಲಿ ಮಾರ್ತಾಂಡ ಮಾತು ಶುರುಮಾಡಿದ್ದ. ಮಾತಾಡುತ್ತಿರುವವನಿಗೆ ಹೊದಿಸದೆ ಸುಮ್ಮನಿರುವವನಿಗೆ ಹೊದಿಸುವುದು ಎಲ್ಲಿಯೂ ಇಲ್ಲ.

“ನಾನು ಸಮುದ್ರ ನೋಡುತ್ತೇನೆ!” ಎಂದ ಮಾರ್ತಾಂಡ. “ಅಲೆಗಳು ತೆಂಗಿನಮರದಷ್ಟು ಎತ್ತರ ಇರುತ್ತವೆ!” ಜನ ಚಪ್ಪಾಳೆ ತಟ್ಟಿದರು.

ಊರು ದಾಟಿದ ಮೇಲೆ ಹಣ್ಣಿನ ಬುಟ್ಟಿ ಚಿಕ್ಕೀರನ ಕ್ಯಾರಿಯರಿಗೆ ಬಂತು.

“ನಿನ್ನ ಹಣ್ಣು ನಿನ್ನ ಸೈಕಲ್ಲಿಗೇ ಕಟ್ಕೊಳ್ಳೋ.”

“ಸನ್ಮಾನ ಆದವನೇ ಸನ್ಮಾನ ಹೊರೋದುಂಟೇನೋ? ನೋಡಿದವರು ಏನಂದಾರು? ಜೊತೆಗಾರ ಹೊರಬೇಕು. ಅದೇ ಮರ್ಯಾದೆ.”

ಎರಡನೆಯದು ಜೋಡುಬಾವಿ. ಅಲ್ಲಿ ಮತ್ತೊಂದು ಶಾಲು, ಮೇಲೊಂದು ಮೈಸೂರು ಪೇಟ. “ಸಮುದ್ರ ನನ್ನ ಕಣ್ಣಮುಂದೆಯೇ ಇದೆ!” ಎಂದ ಮಾರ್ತಾಂಡ. “ಅಲೆಗಳು ಗುಡ್ಡದಷ್ಟು ಎತ್ತರ ಏಳುತ್ತಿವೆ!” ಮುದುಕಿಯರು ಗಲ್ಲಕ್ಕೆ ಕೈಯಿಟ್ಟರು. ಒಬ್ಬಳಂತೂ ಒದ್ದೆಯಾದೀತೆಂದು ಸೆರಗು ಎತ್ತಿಕಟ್ಟಿದಳು. ಪೇಟ ಚಿಕ್ಕೀರನ ಕ್ಯಾರಿಯರಿಗೆ ಬಂತು.

ಮೂರನೆಯದು ಗಾಳಿಗುಡ್ಡ. ಘಟ್ಟದ ಬುಡದ ಊರು. ಅಲ್ಲಿ ಇನ್ನೊಂದು ಶಾಲು, ಜೊತೆಗೆ ಹಿತ್ತಾಳೆಯಲ್ಲಿ ಎರಕ ಹೊಯ್ದ ಒಂದು ಸೈಕಲ್ಲು, ನೆನಪಿನ ಕಾಣಿಕೆ. ಅದು ನಿಜವಾದ ಸೈಕಲ್ಲಿಗಿಂತ ಗಾತ್ರದಲ್ಲಿ ಚಿಕ್ಕದು, ತೂಕದಲ್ಲಿ ಅಲ್ಲ. ಆ ಹೊತ್ತಿಗೆ ಮಾರ್ತಾಂಡನ ಮಾತು ಹದಕ್ಕೆ ಬಂದಿತ್ತು. “ನಾನು ಸಮುದ್ರ ನೋಡಿದೆ!” ಎಂದ. “ಅಲೆಗಳು ಆಕಾಶ ಮುಟ್ಟಿದವು! ಒಂದು ತಿಮಿಂಗಿಲ ತಲೆಯೆತ್ತಿ, ‘ಮಾರ್ತಾಂಡಪ್ಪ, ಯಾವಾಗ ಬಂದೆ?’ ಎಂದಿತು!”

ಚಪ್ಪಾಳೆ ನಿಲ್ಲಲೇ ಇಲ್ಲ. ಸಮುದ್ರ ಇನ್ನೂ ಘಟ್ಟದ ಆಚೆ ಇದೆಯಲ್ಲ ಎಂದು ಯಾರೂ ಕೇಳಲಿಲ್ಲ. ಸನ್ಮಾನ ಸಭೆಯಲ್ಲಿ ಪ್ರಶ್ನೆ ಕೇಳುವ ಪದ್ಧತಿ ಆ ರಾಜ್ಯದಲ್ಲಿ ಇರಲಿಲ್ಲ.

ರಾತ್ರಿ ಊರಾಚೆಯ ಛತ್ರದಲ್ಲಿ ತಂಗಿದರು. ಬೆಳಿಗ್ಗೆ ಚಿಕ್ಕೀರ ಹಿತ್ತಾಳೆ ಸೈಕಲ್ಲನ್ನು ತನ್ನ ಸೈಕಲ್ಲಿಗೆ ಬಿಗಿಯುತ್ತಿದ್ದ. ಮಾರ್ತಾಂಡ ಛತ್ರದ ಜಗಲಿಯ ಮೇಲೆ ಮೂರು ಶಾಲು ಹೊದ್ದು ಕೂತು ಘಟ್ಟವನ್ನೇ ನೋಡುತ್ತಿದ್ದ. ರಸ್ತೆ ಹಾವಿನಂತೆ ಸುತ್ತಿ ಸುತ್ತಿ ಮೋಡದೊಳಕ್ಕೆ ಹೋಗಿತ್ತು.

“ಚಿಕ್ಕೀರಾ, ನನಗೆ ಇನ್ನೇನು ಬಾಕಿ ಇದೆ ಹೇಳು.”

“ಸಮುದ್ರಕ್ಕೆ ಹೋಗೋದು.”

“ಅದೊಂದೇ ತಾನೆ? ಸನ್ಮಾನ ಎಲ್ಲ ಮುಗೀತಲ್ಲ. ಘಟ್ಟದ ಮೇಲೆ ಊರಿಲ್ಲ, ಆಚೆ ನಮ್ಮ ರಾಜ್ಯ ಇಲ್ಲ. ನೋಡೋರಿಲ್ಲದ ಕಡೆ ಯಾಕೆ ಸುಮ್ನೆ ಬೆವರು ಸುರಿಸ್ಬೇಕು? ನೀನು ಹೋಗಿ ಬಾ. ನಾನು ಇಲ್ಲೇ ಕಾಯ್ತೀನಿ. ಗೆಳೆಯನ ಮಾತು.”

ಹೊರಡುವಾಗ ಹಿತ್ತಾಳೆ ಸೈಕಲ್ಲನ್ನೂ ಪೇಟವನ್ನೂ ಮಾರ್ತಾಂಡ ಇಳಿಸಿಕೊಂಡ. ಹಣ್ಣಿನ ಬುಟ್ಟಿ ಮಾತ್ರ ಬಿಟ್ಟ. ಬಾಳೆಹಣ್ಣು ಅಷ್ಟು ಹೊತ್ತಿಗೆ ಕಪ್ಪಾಗಿದ್ದವು. ಕೊಳೆಯದ ಸನ್ಮಾನ ಅವನಿಗೆ, ಕೊಳೆಯುವ ಸನ್ಮಾನ ಗೆಳೆಯನಿಗೆ.

ಚಿಕ್ಕೀರ ಘಟ್ಟ ಹತ್ತಿದ. ತುಳಿಯಲಾಗುವ ಕಡೆ ತುಳಿದ, ಆಗದ ಕಡೆ ತಳ್ಳಿದ. ಮೂರನೆಯ ತಿರುವಿನಲ್ಲಿ ಏದುಸಿರು ಬಿಡುತ್ತ ನಿಂತಾಗ ಮರದ ಮೇಲಿನಿಂದ ಒಂದು ಮುದಿ ಮಂಗ ಇಳಿದುಬಂತು.

“ಬುಟ್ಟಿಯಲ್ಲೇನು?”

“ಹಣ್ಣು. ನನ್ನ ಗೆಳೆಯನ ಸನ್ಮಾನದ್ದು.”

“ಗೆಳೆಯ ಎಲ್ಲಿ?”

“ಕೆಳಗಡೆ ಛತ್ರದಲ್ಲಿ.”

ಮಂಗ ಒಂದು ಹಣ್ಣು ಸುಲಿಯಿತು. “ಸನ್ಮಾನ ಘಟ್ಟ ಹತ್ತುತ್ತಿದೆ, ಸನ್ಮಾನಿತ ಕೆಳಗಿದ್ದಾನೆ. ಮನುಷ್ಯರಲ್ಲಿ ಹೀಗೋ?”

“ನಮ್ಮ ಕಡೆ ಹೀಗೆ.”

“ನಮ್ಮ ಗುಂಪಿನಲ್ಲೂ ಒಬ್ಬನಿದ್ದ,” ಎಂದಿತು ಮಂಗ. “ಆಚೆ ಬಂಡೆಯಿಂದ ಈಚೆ ಬಂಡೆಗೆ ಹಾರಿದ್ದೇನೆ ಎಂದು ದಿನಾ ಹೇಳುತ್ತಿದ್ದ. ಚಿಕ್ಕವರು ಸುಳ್ಳು ಸುಳ್ಳು ಎಂದು ಜಗಳಕ್ಕೆ ನಿಂತರು. ಜಗಳ ಆಡಿದಷ್ಟೂ ಅವನ ದನಿ ದೊಡ್ಡದಾಯಿತು. ಕೊನೆಗೆ ನಾವು ಮುದುಕರು ಹೋಗಿ, ‘ನಿಜ ಕಣಪ್ಪ, ನೀನು ಹಾರಿದ್ದೀಯ. ಈಗ ಮುಂದೆ ಹಾರು, ನಾವೆಲ್ಲ ನಿನ್ನ ಹಿಂದೆ ಹಾರುತ್ತೇವೆ’ ಎಂದೆವು.”

“ಆಮೇಲೆ?”

“ಈಗ ಅವನು ಆ ವಿಷಯ ಎತ್ತುವುದಿಲ್ಲ,” ಎಂದು ಹೇಳಿ ಮಂಗ ಬುಟ್ಟಿಯನ್ನೇ ಹಿಡಿದುಕೊಂಡು ಮರ ಹತ್ತಿತು. ಉಪದೇಶಕ್ಕೆ ಕೂಲಿ ತೆಗೆದುಕೊಳ್ಳುವುದು ಮಂಗಗಳಲ್ಲೂ ಇದೆ.

ಕ್ಯಾರಿಯರು ಹಗುರವಾಯಿತು. ಚಿಕ್ಕೀರ ನೆತ್ತಿ ತಲುಪಿದ, ಆಚೆ ಇಳಿದ, ಹೊಳೆ ದಾಟಿದ, ಮರಳಿನಲ್ಲಿ ಸೈಕಲ್ ತಳ್ಳಿದ. ಮರಳು ಮುಗಿದ ಕಡೆ ಸಮುದ್ರ ಇತ್ತು.

ಅಲೆಗಳು ಮೊಣಕಾಲಿನಷ್ಟು ಎತ್ತರ ಇದ್ದವು. ತಿಮಿಂಗಿಲ ಮಾತಾಡಿಸಲಿಲ್ಲ. ಚಿಕ್ಕೀರ ಮುಂದಿನ ಗಾಲಿಯನ್ನು ನೀರಿಗೆ ಮುಟ್ಟಿಸಿದ. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡ. ಅಪ್ಪನ ಕಾಲದಿಂದ ಮೂಟೆಯಲ್ಲಿ ಹೊತ್ತದ್ದು ಇಲ್ಲಿ ಕಣ್ಣು ಹೋದಷ್ಟು ದೂರ ಹರವಿಕೊಂಡು, ತನ್ನಷ್ಟಕ್ಕೆ ತಾನು ಕದಲುತ್ತಿತ್ತು. ಏನು ಮಾಡುವುದೆಂದು ತಿಳಿಯದೆ ಅಭ್ಯಾಸಬಲದಿಂದ ಬೆಲ್ಲು ಬಾರಿಸಿದ. ಟ್ರಿಣ್, ಟ್ರಿಣ್, ಟ್ರಿಣ್. ಯಾರೂ ಮಡಕೆ ಹಿಡಿದು ಬರಲಿಲ್ಲ.

ಪಕ್ಕದ ಗದ್ದೆಯಲ್ಲಿ ಉಪ್ಪು ಗೋರುತ್ತಿದ್ದ ಹೆಂಗಸೊಬ್ಬಳು ಸೊಂಟಕ್ಕೆ ಕೈಯಿಟ್ಟು ನಿಂತಳು. “ಎಂತ ಬೇಕು ನಿಮಗೆ?”

“ಏನೂ ಬೇಡ ತಾಯಿ. ಸಮುದ್ರ ನೋಡೋಕೆ ಬಂದೆ. ಹೊಳಲಗಿರಿಯಿಂದ.”

“ಸೈಕಲ್ಲಲ್ಲಿಯಾ? ಮರುಳು ಮಾರಾಯ! ಶಾಲು ಗೀಲು ಹೊದೆಸ್ಲಿಕ್ಕೆ ನಮ್ಮಲ್ಲಿ ಎಂತದೂ ಇಲ್ಲ. ಗಂಜಿ ಉಂಟು. ಕೂತ್ಕೊಳ್ಳಿ.”

ಚಿಕ್ಕೀರ ಕೂತು ಗಂಜಿ ಉಂಡ. ಆ ಪ್ರಯಾಣದಲ್ಲಿ ಅವನಿಗೆ ಆದ ಸನ್ಮಾನ ಅದೊಂದೇ. ಎದ್ದು ಒಂದು ಹಿಡಿ ಉಪ್ಪು ಪಂಚೆಯ ತುದಿಗೆ ಕಟ್ಟಿಕೊಂಡು ಹಿಂತಿರುಗಿದ.

ಗಾಳಿಗುಡ್ಡದ ಛತ್ರದಲ್ಲಿ ಮಾರ್ತಾಂಡ ಇರಲಿಲ್ಲ. ಛತ್ರ ನೋಡಿಕೊಳ್ಳುವ ಚೌಡವ್ವ ಅಂಗಳ ಗುಡಿಸುತ್ತಿದ್ದಳು. “ನಿಮ್ಮ ಗೆಳೆಯನಾ? ಚೆನ್ನಾಗಿ ಮಲಗಿದ್ರು. ಬೇಜಾರು ಆಗೋವರೆಗೂ ಮಲಗಿದ್ರು. ಆಮೇಲೆ ರಾಗಿ ಗಾಡಿ ಮೇಲೆ ಸೈಕಲ್ ಹೇರ್ಕೊಂಡು ಊರಿಗೆ ಹೋದ್ರು.”

ಚಿಕ್ಕೀರ ರಾಜಧಾನಿ ಮುಟ್ಟುವ ಮೊದಲೇ ಅವನ ಸುದ್ದಿ ಮುಟ್ಟಿತ್ತು. ಕೋಟೆಬಾಗಿಲಲ್ಲೇ ಇಬ್ಬರು ಸೈನಿಕರು ಹಿಡಿದು, ಸೈಕಲ್ ಸಮೇತ ಆಸ್ಥಾನಕ್ಕೆ ಕರೆದೊಯ್ದರು. ಅಲ್ಲಿ ಮಾರ್ತಾಂಡ ಮೂರು ಶಾಲು ಹೊದ್ದು, ಪೇಟ ತೊಟ್ಟು, ಹಿತ್ತಾಳೆ ಸೈಕಲ್ಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ.

“ಪಾಪ, ಘಟ್ಟ ನೋಡಿ ಅತ್ತುಬಿಟ್ಟ ಮಹಾಪ್ರಭು,” ಎಂದು ಹೇಳುತ್ತಿದ್ದ. “ಕಣ್ಣೀರು ಒರೆಸಿ, ಛತ್ರದಲ್ಲಿ ಕೂರಿಸಿ, ನಾನೊಬ್ಬನೇ ಸಮುದ್ರಕ್ಕೆ ಹೋಗಿಬಂದೆ. ಗೆಳೆಯ, ಅವನನ್ನು ಬಯ್ಯಬೇಡಿ. ಬೆಲ್ಲು ಮಾತ್ರ ತೆಗೆದುಕೊಳ್ಳಿ.”

ಮಂತ್ರಿಯ ಕೈಯಲ್ಲಿ ಆಗಲೇ ಬೆಲ್ಲು ಬಿಚ್ಚುವ ಪಾನಾ ಇತ್ತು.

“ನಾನು ಸಮುದ್ರಕ್ಕೆ ಹೋಗಿದ್ದೆ ಮಹಾಪ್ರಭು,” ಎಂದ ಚಿಕ್ಕೀರ.

“ಶಾಲು ಇದೆಯೇ?” ಕೇಳಿದ ಮಂತ್ರಿ.

“ಇಲ್ಲ.”

“ಪೇಟ?”

“ಇಲ್ಲ.”

“ನೆನಪಿನ ಕಾಣಿಕೆ?”

ಚಿಕ್ಕೀರ ಪಂಚೆಯ ಗಂಟು ಬಿಚ್ಚಿ ಉಪ್ಪು ತೋರಿಸಿದ. ಆಸ್ಥಾನ ಗೊಳ್ಳೆಂದು ನಕ್ಕಿತು. “ಉಪ್ಪು ಮಾರುವವನ ಹತ್ತಿರ ಉಪ್ಪಿದೆ!” ಎಂದ ಮಂತ್ರಿ. “ನಾಳೆ ಕುಂಬಾರ ಬಂದು ಮಣ್ಣು ತೋರಿಸಿ ಪಾತಾಳಕ್ಕೆ ಹೋಗಿದ್ದೆ ಎಂದರೆ ನಂಬೋಣವೇ?”

ನ್ಯಾಯ ಸ್ಪಷ್ಟವಾಗಿತ್ತು. ಮೂರು ಶಾಲು ಒಂದು ಕಡೆ, ಒಂದು ಹಿಡಿ ಉಪ್ಪು ಇನ್ನೊಂದು ಕಡೆ. ಮಂತ್ರಿ ಪಾನಾ ಹಿಡಿದು ಬಗ್ಗಿದ. ಚಿಕ್ಕೀರನಿಗೆ ತನ್ನ ಮನೆಯ ಮುಚ್ಚಿದ ಬಾಗಿಲು ಕಣ್ಣಮುಂದೆ ಬಂತು, ಬಾಗಿಲ ಹಿಂದೆ ಕಿವಿಗೊಟ್ಟು ನಿಂತ ಹೊನ್ನಿ ಕಂಡಳು. ಕೂಗಾಡೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಮಂಗನ ಮಾತು ನೆನಪಾಯಿತು. ತೆರೆದ ಬಾಯಿಯಿಂದ ಬೇರೆಯೇ ಮಾತು ಹೊರಟಿತು.

“ತಪ್ಪಾಯ್ತು ಮಹಾಪ್ರಭು. ಸಮುದ್ರ ನೋಡಿದವನು ಮಾರ್ತಾಂಡನೇ.”

ಮಾರ್ತಾಂಡನಿಗೆ ಗೆಳೆಯನ ಮೇಲೆ ಪ್ರೀತಿ ಉಕ್ಕಿತು.

“ಇಡೀ ರಾಜ್ಯದಲ್ಲಿ ಅವನೊಬ್ಬನೇ ನೋಡಿದವನು,” ಚಿಕ್ಕೀರ ಮುಂದುವರಿಸಿದ. “ಮಹಾಪ್ರಭುಗಳೂ ನೋಡಿಲ್ಲ. ನಾಳೆ ಪಕ್ಕದ ದೊರೆ, ‘ಪ್ರಜೆ ನೋಡಿದ್ದಾನೆ, ರಾಜ ನೋಡಿಲ್ಲವೇ?’ ಎಂದು ಕೇಳಿ ಕಳಿಸಿದರೆ? ದಾರಿ ಬಲ್ಲವನು ಇಲ್ಲೇ ಕೂತಿದ್ದಾನೆ. ಅವನು ಮುಂದೆ ನಡೆಯಲಿ, ತಾವು ಹಿಂದೆ ಹೊರಡಿ. ನಾನು ಕೊನೆಯಲ್ಲಿ ಬೆಲ್ಲು ಬಾರಿಸುತ್ತ ಬರುತ್ತೇನೆ. ತಮ್ಮ ಪಾದಕ್ಕೆ ಸಮುದ್ರದ ನೀರು ಮುಟ್ಟಿದ ಕೂಡಲೇ ನನ್ನ ಕೈಯಾರೆ ಬೆಲ್ಲು ಬಿಚ್ಚಿಕೊಡುತ್ತೇನೆ. ದಾರಿಯುದ್ದಕ್ಕೂ ಊರುಗಳಿವೆ ಮಹಾಪ್ರಭು. ಹೊರಟವರಿಗೆ ಅವರೇನು ಮಾಡುತ್ತಾರೆ ಎಂದು ತಮಗೆ ಗೊತ್ತೇ ಇದೆ.”

ಮಹಾರಾಜರು ಮಾರ್ತಾಂಡನ ಶಾಲುಗಳನ್ನು ನೋಡಿದರು. ಅವರು ಆವರೆಗೆ ಎಲ್ಲಿಗೂ ಹೊರಟವರಲ್ಲ. ಹಾಗಾಗಿ ಅವರಿಗೆ ಯಾರೂ ಸನ್ಮಾನ ಮಾಡಿರಲಿಲ್ಲ. ಈ ಅನ್ಯಾಯ ಅವರಿಗೆ ಆಗಲೇ ಹೊಳೆದದ್ದು.

“ಹೊರಡೋಣ,” ಎಂದರು.

ಮಾರ್ತಾಂಡನಿಗೆ ಹೊಟ್ಟೆನೋವು ಬಂತು. ರಾಜವೈದ್ಯ ಕಷಾಯ ಕುಡಿಸಿದ, ಹೊಟ್ಟೆನೋವಿಗಿಂತ ಕಷಾಯ ಕಷ್ಟವಾಗಿ ನೋವು ನಿಂತಿತು. ಮಾರ್ತಾಂಡ ಗ್ರಹಗತಿ ಸರಿಯಿಲ್ಲವೆಂದ. ಮಹಾರಾಜರ ಆತುರ ಕಂಡಿದ್ದ ಜೋಯಿಸರು ಗ್ರಹಗಳನ್ನು ಅಲ್ಲಿಂದಿಲ್ಲಿಗೆ ಸರಿಸಿ ಮರುದಿನ ಬೆಳಿಗ್ಗೆಯೇ ಮುಹೂರ್ತ ಕೊಟ್ಟರು. ಮಾರ್ತಾಂಡನ ಸೈಕಲ್ಲು ಪಂಕ್ಚರ್ ಆಯಿತು. ಚಿಕ್ಕೀರ ಬಂದು ಟ್ಯೂಬಿಗೆ ತೇಪೆ ಹಾಕಿ, ಗಾಳಿ ತುಂಬಿ, ಗಾಲಿಯಲ್ಲಿದ್ದ ಗುಂಡುಸೂಜಿಯನ್ನು ಮರ್ಯಾದೆಯಿಂದ ಗೆಳೆಯನ ಕೈಗೇ ಕೊಟ್ಟ.

“ಯಾಕೋ ಹೀಗೆ ಮಾಡ್ದೆ ಚಿಕ್ಕೀರಾ?” ಮಾರ್ತಾಂಡ ಪಿಸುಗುಟ್ಟಿದ.

“ನಾನೇನೋ ಮಾಡ್ದೆ? ನೀನು ಹೇಳಿದ್ದು ನಿಜ ಅಂದೆ, ಅಷ್ಟೆ. ಗೆಳೆಯನ ಮಾತು.”

ಮೆರವಣಿಗೆ ಹೊರಟಿತು. ಮುಂದೆ ಮಾರ್ತಾಂಡ. ಹಿಂದೆ ಮಹಾರಾಜರು. ಅವರು ಪೆಡಲಿನ ಮೇಲೆ ಪಾದ ಇಟ್ಟರು, ಮಿಕ್ಕದ್ದನ್ನು ಎರಡೂ ಕಡೆ ಹಿಡಿದುಕೊಂಡ ಸೈನಿಕರು ನೋಡಿಕೊಂಡರು. ಕೊನೆಯಲ್ಲಿ ಚಿಕ್ಕೀರ, ಟ್ರಿಣ್, ಟ್ರಿಣ್, ಟ್ರಿಣ್.

ಮುತ್ತುಗದಹಳ್ಳಿಯಲ್ಲಿ ಮಹಾರಾಜರಿಗೆ ಶಾಲು, ಹಣ್ಣಿನ ಬುಟ್ಟಿಗಳು. ಇವನ್ನು ಯಾರು ಹೊರಬೇಕೆಂದು ಮಂತ್ರಿ ಅತ್ತಿತ್ತ ನೋಡಿದ.

“ಅದಕ್ಕೊಂದು ಪದ್ಧತಿ ಇದೆ ಸ್ವಾಮಿ,” ಎಂದ ಚಿಕ್ಕೀರ. “ಮಾರ್ತಾಂಡನೇ ನನಗೆ ಕಲಿಸಿದ್ದು. ಸನ್ಮಾನ ಆದವರು ಹೊರಬಾರದು, ಜೊತೆಗಾರ ಹೊರಬೇಕು. ಮಹಾಪ್ರಭುಗಳಿಗೆ ದಾರಿ ತೋರಿಸುವವನಿಗಿಂತ ದೊಡ್ಡ ಜೊತೆಗಾರ ಯಾರು?”

ಬುಟ್ಟಿಗಳು ಮಾರ್ತಾಂಡನ ಕ್ಯಾರಿಯರಿಗೆ ಹೋದವು. ಜೋಡುಬಾವಿಯಲ್ಲಿ ಶಾಲಿನ ಗಂಟು, ಪೇಟದ ಪೆಟ್ಟಿಗೆ ಹೋದವು. ಗಾಳಿಗುಡ್ಡದವರು ರಾಜರಿಗೆಂದು ಹಿತ್ತಾಳೆಯಲ್ಲಿ ರಥ ಎರಕ ಹೊಯ್ಸಿದ್ದರು. ಅದೂ ಹೋಯಿತು. ಇದರ ಮೇಲೆ ಮಾರ್ತಾಂಡ ತನ್ನ ಮೂರು ಶಾಲುಗಳನ್ನೂ ಹೊದ್ದುಕೊಂಡೇ ತುಳಿಯುತ್ತಿದ್ದ. ಅವನ್ನು ತೆಗೆದರೆ ಸಾಕ್ಷಿ ಹೋಗುತ್ತಿತ್ತು. ಬಿಸಿಲು ನೆತ್ತಿಗೆ ಏರಿತ್ತು. ಅವನ ಬಾಯಿಯಿಂದ ಬಹಳ ಹೊತ್ತಿನಿಂದ ಒಂದೂ ಮಾತು ಬಂದಿರಲಿಲ್ಲ. ಇದು ರಾಜ್ಯದ ನೆನಪಿನಲ್ಲೇ ಮೊದಲು.

ಊರಾಚೆ ಮೂರು ದಾರಿ ಕೂಡುವಲ್ಲಿ ಮಹಾರಾಜರು ಕೇಳಿದರು, “ಯಾವ ಕಡೆ ಮಾರ್ತಾಂಡ?”

ಒಂದು ದಾರಿ ಕಡಿದಾಗಿ ಮೇಲೆ ಹೋಗುತ್ತಿತ್ತು. ಒಂದು ಕೆರೆಗೆ ಇಳಿಯುತ್ತಿತ್ತು. ಮೂರನೆಯದು ಅಗಲವಾಗಿ, ಮಟ್ಟಸವಾಗಿ, ಎರಡೂ ಕಡೆ ಹೊಂಗೆಯ ನೆರಳಿನಲ್ಲಿ ತಂಪಾಗಿತ್ತು. ಮಾರ್ತಾಂಡನ ಕಾಲುಗಳು ತಲೆಯನ್ನು ಕೇಳದೆ ಮೂರನೆಯದಕ್ಕೆ ತಿರುಗಿದವು. ಇಡೀ ಆಸ್ಥಾನ ಹಿಂಬಾಲಿಸಿತು. ದಾರಿ ಛತ್ರದ ಅಂಗಳದಲ್ಲಿ ಮುಗಿಯಿತು.

ಚೌಡವ್ವ ಪೊರಕೆ ಹಿಡಿದೇ ಹೊರಗೆ ಬಂದಳು.

“ಅಯ್ಯೋ, ಬನ್ನಿ ಬುದ್ಧಿ, ಬನ್ನಿ! ನಿಮ್ಮ ಮೂಲೆ ಕೋಣೆ ಖಾಲಿನೇ ಇದೆ. ಹೋದ ಸಲ ನೀವು ಮಲಗಿ ಮಲಗಿ ಹಾಸಿಗೆ ಹಳ್ಳ ಬಿದ್ದಿತ್ತಲ್ಲ, ಹೊಸ ಹತ್ತಿ ತುಂಬಿಸಿದ್ದೀನಿ.”

ಮಾರ್ತಾಂಡ ಕಣ್ಣುಸನ್ನೆ ಮಾಡಿದ. ಚೌಡವ್ವನಿಗೆ ಸಾಯಂಕಾಲದ ಮೇಲೆ ಕಣ್ಣು ಮಂಜು, ಮಧ್ಯಾಹ್ನವೂ ಅಷ್ಟಕ್ಕಷ್ಟೆ.

“ಯಾವಾಗ ಮಲಗಿದ್ದ ಇವನು?” ಮಹಾರಾಜರು ಕೇಳಿದರು.

“ಆ ಉಪ್ಪಿನ ಹುಡುಗ ಒಬ್ನೇ ಸೈಕಲ್ ತಳ್ಕೊಂಡು ಘಟ್ಟ ಹತ್ತಿದ್ನಲ್ಲ, ಆವಾಗ. ಅವನು ಸಮುದ್ರ ನೋಡ್ಕೊಂಡು ಬರೋಷ್ಟರಲ್ಲಿ ಇವರು ಗಾಡಿ ಹತ್ತಿ ಹೋಗಿದ್ರು. ಪಾಪ, ಆ ಹುಡುಗ ಇಲ್ಲೇ ಕೂತು ನೀರು ಕುಡಿದ. ಅದಿರ್ಲಿ, ನೀವ್ಯಾರು? ಕೋಣೆ ಬೇಕಾ? ಬೇಕಿದ್ರೆ ಸೈಕಲ್ ಹೊರಗೆ ನಿಲ್ಲಿಸಿ, ಹೂವು ಉದುರ್ತಾ ಇದೆ, ಈಗ ತಾನೇ ಗುಡಿಸಿದ್ದೀನಿ.”

ಚಿಕ್ಕೀರ ಆಡಬೇಕಾದದ್ದನ್ನು ಪೊರಕೆ ಹಿಡಿದವಳು ಆಡಿದ್ದಳು.

ಮಹಾರಾಜರು ಮಾರ್ತಾಂಡನ ಕಡೆ ತಿರುಗಿದರು. ಮಾರ್ತಾಂಡ ನಾಲ್ಕು ಮಾತಾಡಲು ಸೀಟಿನಿಂದ ಎದ್ದುನಿಂತ. ಕ್ಯಾರಿಯರಿನ ಭಾರಕ್ಕೆ ಸೈಕಲ್ಲು ಹಿಂದಕ್ಕೆ ವಾಲಿ, ಹಣ್ಣು, ಪೇಟ, ಹಿತ್ತಾಳೆ ರಥ ಎಲ್ಲ ಅವನ ಮೇಲೆ ಬಿದ್ದವು.

“ಬೆಲ್ಲು ಬಿಚ್ಚಿ,” ಎಂದರು ಮಹಾರಾಜರು.

ಮಾರ್ತಾಂಡನ ಬೆಲ್ಲು ದೊಡ್ಡದು, ಕಮಲದ ಚಿತ್ತಾರದ್ದು. ಮಂತ್ರಿ ಅದನ್ನು ಬಿಚ್ಚಿದ. ಮಹಾರಾಜರ ಸೈಕಲ್ಲಿಗೆ ಕೂರಿಸಬೇಕೆಂದು, ಅಪಶಕುನವಾದರೂ ಆಗಲೆಂದು, ಹ್ಯಾಂಡಲ್ಲಿನ ಒಣಹಾರಗಳನ್ನು ಒಂದೊಂದಾಗಿ ಎತ್ತಿದ. ಈ ವರ್ಷದ್ದು ಎತ್ತಿದ, ಹೋದ ವರ್ಷದ್ದು ಎತ್ತಿದ, ಅದರ ಹಿಂದಿನದು ಎತ್ತಿದ. ಅದರ ಕೆಳಗೆ ಮಹಾರಾಜರ ಬೆಲ್ಲು ಇತ್ತು.

ಎಲ್ಲರೂ ನೋಡಿದರು. ಮಂತ್ರಿ ಗಂಟಲು ಸರಿಮಾಡಿಕೊಂಡ.

“ಮಹಾಪ್ರಭು, ಇದು ಕಾಣೆಯಾದ ಬೆಲ್ಲು ಅಲ್ಲ. ಕಾಣೆಯಾದ ಬೆಲ್ಲನ್ನು ಮೂರು ಸಮಿತಿಗಳು ಹುಡುಕುತ್ತಿವೆ. ಇದು ಇಲ್ಲೇ ಇದೆ.”

ಮಹಾರಾಜರಿಗೆ ವಾದ ಒಪ್ಪಿಗೆಯಾಯಿತು. ಮಾರ್ತಾಂಡನ ಬೆಲ್ಲನ್ನು ಪಕ್ಕದಲ್ಲಿ ಕೂರಿಸಿ, ಎರಡರ ಮೇಲೂ ಹಾರಗಳನ್ನು ಮತ್ತೆ ಹೊದಿಸಿದರು.

“ಇನ್ನು ಸಮುದ್ರಕ್ಕೆ ದಾರಿ ಯಾವುದು?” ಎಂದು ಮಹಾರಾಜರು ಚಿಕ್ಕೀರನನ್ನು ಕೇಳಿದರು.

ಚಿಕ್ಕೀರ ಘಟ್ಟ ತೋರಿಸಿದ. ರಸ್ತೆ ಸುತ್ತಿ ಸುತ್ತಿ ಮೋಡದೊಳಕ್ಕೆ ಹೋಗಿತ್ತು. ಮಹಾರಾಜರು ಅದನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. ಆಮೇಲೆ ತಮಗೆ ಬಂದ ಶಾಲುಗಳನ್ನು ನೋಡಿದರು.

“ಸನ್ಮಾನ ಆಗಿದೆಯಲ್ಲ,” ಎಂದು ಸೈಕಲ್ ತಿರುಗಿಸಲು ಸೈನಿಕರಿಗೆ ಹೇಳಿದರು. ಮಹಾರಾಜರು ಸಮುದ್ರದರ್ಶನ ಮಾಡಿಬಂದ ಸಂಗತಿಯನ್ನು ಕೋಟೆಬಾಗಿಲಿನ ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಅರ್ಧದಾರಿಯಲ್ಲಿ ಹಿಂತಿರುಗಿದವರ ಬೆಲ್ಲು ಅರಮನೆಗೆ ಎಂಬ ಕಟ್ಟಳೆಯಂತೆ ಮಹಾರಾಜರ ಬೆಲ್ಲೂ ಅರಮನೆಗೇ ಹೋಯಿತು.

ಚಿಕ್ಕೀರನಿಗೂ ಒಂದು ಸನ್ಮಾನ ಆಗಲಿ ಎಂದು ಮಂತ್ರಿ ಸೂಚಿಸಿದ. ಚಿಕ್ಕೀರ ಕೈಮುಗಿದ. “ಬೇಡ ಸ್ವಾಮಿ. ನನ್ನ ಕ್ಯಾರಿಯರಿನಲ್ಲಿ ಉಪ್ಪಿನ ಮೂಟೆಗೆ ಮಾತ್ರ ಜಾಗ.”

ಊರು ಮುಟ್ಟಿ, ತನ್ನ ಮನೆಯ ಮುಂದೆ ಸೈಕಲ್ ನಿಲ್ಲಿಸಿ, ಬಾಗಿಲು ತಟ್ಟದೆ ಮೂರು ಸಲ ಬೆಲ್ಲು ಬಾರಿಸಿದ. ಬಾಗಿಲು ತೆರೆಯಿತು.

ಇದರ ನೀತಿ ಇಷ್ಟು, ಮಕ್ಕಳೇ. ಹೊರಡುವ ಮೊದಲೇ ಹೊದ್ದ ಶಾಲು ಏರಿನಲ್ಲಿ ಭಾರ. ಹೋಗದ ಊರಿಗೆ ಹೋಗಿದ್ದೆ ಎನ್ನುವವನ ಜೊತೆ ವಾದ ಮಾಡಬೇಡಿ. ಅವನನ್ನು ಮುಂದೆ ಬಿಟ್ಟು ಹಿಂದೆ ನಡೆಯಿರಿ.

ಮಹಾರಾಜರ ಸೈಕಲ್ಲಿಗೆ ಈಗ ಎರಡು ಬೆಲ್ಲುಗಳಿವೆ. ಮಾರ್ತಾಂಡನ ಸೈಕಲ್ಲಿಗೆ ಇಲ್ಲ. ಚಿಕ್ಕೀರನದಕ್ಕೆ ಒಂದಿದೆ.